ಮರ್ಜಾನ್ ಸತ್ರಪಿ ಬಿಡಿಸಿದ ಮನೆ

ಇರಾನ್ ಅಂದ್ರೆ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿರುವುದು ಎಣ್ಣೆ. ಸುರತ್ಕಲ್‌ನ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್‌ಗೆ ಒಂದು ಕಾಲದಲ್ಲಿ ಅಲ್ಲಿಂದ ಕಚ್ಚಾ ತೈಲ ಜಾಸ್ತಿ ಬರುತ್ತಿತ್ತು, ಅಮೆರಿಕದ ನಿರ್ಬಂಧ ಬಿಗಿಯಾದ ಮೇಲೆ ಅದೂ ನಿಂತಿತು. ಉಳಿದದ್ದೆಲ್ಲ ಟಿವಿ ಸುದ್ದಿ. ಗಡ್ಡದ ಮುಖಂಡರು, ಕಪ್ಪು ಬಟ್ಟೆಯ ಹೆಂಗಸರು, ಕ್ಷಿಪಣಿ. ಅಲ್ಲಿನ ಒಂದು ಮನೆಯಲ್ಲಿ ಮಧ್ಯಾಹ್ನ ಊಟ ಆದ ಮೇಲೆ ಏನು ಮಾತಾಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ಇರಾನಿನಲ್ಲಿ ಹುಟ್ಟಿದ ಕಾಮಿಕ್ಸ್ ಕಲಾವಿದೆ ಮರ್ಜಾನ್ ಸತ್ರಪಿಯ ಪುಸ್ತಕಗಳಿಂದ.

ಆಕೆ ಹುಟ್ಟಿದ್ದು 1969ರಲ್ಲಿ, ರಶ್ತ್ ಎಂಬ ಊರಿನಲ್ಲಿ. ಕ್ಯಾಸ್ಪಿಯನ್ ಸಮುದ್ರದ ಹತ್ತಿರದ ಊರು ಅದು. ಇರಾನ್ ಬರೀ ಮರಳುಗಾಡು ಅಂದುಕೊಂಡವರು ಆ ಕಡೆಯ ಫೋಟೋ ಒಮ್ಮೆ ನೋಡಬೇಕು. ಮಳೆ, ಭತ್ತದ ಗದ್ದೆ, ಮೀನು, ಅನ್ನ. ಉಡುಪಿಯವರಿಗೆ ಅದೇನೂ ಹೊಸದಲ್ಲ, ಅಲ್ವಾ? ಬೆಳೆದದ್ದು ಮಾತ್ರ ತೆಹರಾನ್‌ನಲ್ಲಿ. ಓದಿಕೊಂಡವರ, ಎಡಪಂಥದ ಒಲವಿದ್ದವರ ಮನೆ. 1979ರಲ್ಲಿ ಇಸ್ಲಾಮಿಕ್ ಕ್ರಾಂತಿ ಆಯಿತು, 1980ರಲ್ಲಿ ಶಾಲೆಗೆ ತಲೆವಸ್ತ್ರ ಬಂತು, ಅದೇ ವರ್ಷ ಇರಾಕ್ ಜೊತೆ ಯುದ್ಧವೂ ಶುರುವಾಯಿತು. ಎಂಟು ವರ್ಷದ ಯುದ್ಧ. ತುಂಬಾ ಪ್ರೀತಿಯ ಅನೂಷ್‌ಗೆ, ಅಂದ್ರೆ ಅಪ್ಪನ ಸೋದರನಿಗೆ, ಹೊಸ ಸರಕಾರ ಮರಣದಂಡನೆ ಕೊಟ್ಟಿತು. ಪಕ್ಕದ ಮನೆ ಕ್ಷಿಪಣಿಗೆ ಪುಡಿಯಾಯಿತು. ಹುಡುಗಿಯ ಬಾಯಿ ಬೇರೆ ಜೋರು, ಶಾಲೆಯಲ್ಲಿ ಟೀಚರಿಗೇ ಎದುರುತ್ತರ. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಅಂತ ಅಪ್ಪ ಅಮ್ಮ 1984ರಲ್ಲಿ ಅವಳೊಬ್ಬಳನ್ನೇ ವಿಯೆನ್ನಾಗೆ ಕಳಿಸಿದರು. ಆಗ ವಯಸ್ಸು 14.

ಹೊರಡುವ ಹಿಂದಿನ ರಾತ್ರಿ ಅವಳು ಅಜ್ಜಿಯ ಜೊತೆ ಮಲಗುತ್ತಾಳೆ. ಈ ಅಜ್ಜಿ ದಿನಾ ಬೆಳಿಗ್ಗೆ ಮಲ್ಲಿಗೆ ಕೊಯ್ದು ಒಳ ಅಂಗಿಯೊಳಗೆ ಇಟ್ಟುಕೊಳ್ಳುವವಳು. ರಾತ್ರಿ ಬಟ್ಟೆ ಬಿಚ್ಚುವಾಗ ಹೂವೆಲ್ಲ ಉದುರುತ್ತದೆ. ತನ್ನದೇ ಬದುಕಿನ ಕಥೆಯಾದ ‘ಪರ್ಸೆಪೊಲಿಸ್’ ಎಂಬ ಕಾಮಿಕ್ಸ್‌ನಲ್ಲಿ ಸತ್ರಪಿ ಅದನ್ನು ಕಪ್ಪು ಹಿನ್ನೆಲೆಯಲ್ಲಿ ಪುಟ್ಟ ಬಿಳಿ ಹೂಗಳಾಗಿ ಬಿಡಿಸಿದ್ದಾಳೆ. ಶಿರ್ವದ ನಮ್ಮ ದೊಡ್ಡಮ್ಮ ಬೆಳಗಾತ ಮೊಗ್ಗು ಕೊಯ್ದು, ಬಾಳೆನಾರು ನೆನೆಸಿಟ್ಟು, ಹೂ ಮಾರುವ ಕಟ್ಟೆಗೆ ಕಳಿಸುವ ಹೊತ್ತಾಯಿತು ಅಂತ ಗಡಿಬಿಡಿಯಲ್ಲಿ ಹೂ ಕಟ್ಟುವುದನ್ನು ನೋಡುತ್ತಾ ಬೆಳೆದವಳು ನಾನು. ‘ಇವತ್ತು ಅಟ್ಟೆಗೆ ಎಷ್ಟಂತೆ?’ ಅನ್ನುವುದೇ ಆ ಮನೆಯ ಮೊದಲ ಮಾತು (ಅಟ್ಟೆ ಅಂದ್ರೆ ಮಲ್ಲಿಗೆ ಮಾರುವ ಅಳತೆ). ಹಾಗಾಗಿ ತೆಹರಾನಿನ ಆ ಅಜ್ಜಿ ನನಗೆ ಹೊರಗಿನವಳು ಅಂತ ಅನಿಸಲೇ ಇಲ್ಲ. ಅಜ್ಜಿ ಹೇಳುವ ಬುದ್ಧಿಮಾತೂ ಚಿಕ್ಕದು. ಬದುಕಿನಲ್ಲಿ ಕೆಟ್ಟವರು ಸಿಗುತ್ತಾರೆ, ಅವರ ಮೇಲೆ ಹಗೆ ಸಾಧಿಸಬೇಡ, ನಿನ್ನ ಮರ್ಯಾದೆ ನೀನು ಉಳಿಸಿಕೋ.

ಮರುದಿನ ವಿಮಾನ ನಿಲ್ದಾಣ. ಗಾಜಿನ ಆಚೆ ಹೋದ ಮೇಲೆ ಹುಡುಗಿ ಒಮ್ಮೆ ಹಿಂದೆ ತಿರುಗಿ ನೋಡುತ್ತಾಳೆ. ಅಮ್ಮ ಪ್ರಜ್ಞೆ ತಪ್ಪಿ ಅಪ್ಪನ ಕೈಯಲ್ಲಿ ಬಿದ್ದಿದ್ದಾಳೆ. ನಮ್ಮ ಬಜ್ಪೆ ವಿಮಾನ ನಿಲ್ದಾಣದ ಗಾಜಿನ ಹೊರಗೆ ನಿಂತು ಗಲ್ಫಿಗೆ ಹೋಗುವವರಿಗೆ ಕೈಬೀಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ. ಆ ಪುಟ ನೋಡುವಾಗ ನನಗೆ ಗಂಟಲು ಕಟ್ಟುತ್ತದೆ.

ವಿಯೆನ್ನಾದ ಬದುಕು ಚೆನ್ನಾಗಿರಲಿಲ್ಲ. ಕೊನೆಗೆ ಚಳಿಯಲ್ಲಿ ಬೀದಿಯಲ್ಲಿ ಮಲಗಿ, ಕಾಯಿಲೆ ಬಿದ್ದು ಆಸ್ಪತ್ರೆ ಸೇರಿ, 1988ರಲ್ಲಿ ತೆಹರಾನಿಗೆ ವಾಪಸ್. ಅಲ್ಲಿ ಕಲೆ ಓದಿದಳು. ಆ ಕ್ಲಾಸಿನ ಚಿತ್ರಗಳನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೋ. ಮನುಷ್ಯರ ದೇಹ ಬಿಡಿಸಲು ಕಲಿಯುವ ತರಗತಿ, ಆದರೆ ಮಾಡೆಲ್ ಆಗಿ ಕೂತ ಹೆಂಗಸು ತಲೆಯಿಂದ ಕಾಲಿನವರೆಗೆ ಚಾದರ ಹೊದ್ದಿದ್ದಾಳೆ. ಮಕ್ಕಳು ಆಚೆಯಿಂದ ನೋಡುತ್ತಾರೆ, ಈಚೆಯಿಂದ ನೋಡುತ್ತಾರೆ, ಬಟ್ಟೆಯ ಮಡಿಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಸರಿ, ಮಡಿಕೆ ಬಿಡಿಸುವುದನ್ನಾದರೂ ಚೆನ್ನಾಗಿ ಕಲಿತರು. ಆಮೇಲೆ ಒಬ್ಬ ಗಂಡಸನ್ನು ಕೂರಿಸಿದರು. ಅವನನ್ನು ನೋಡುತ್ತಾ ಕೂತಿದ್ದಕ್ಕೆ ಮೇಲ್ವಿಚಾರಕ ಬಂದು ಗದರಿದ. ‘ಹಾಗಾದರೆ ಬಾಗಿಲು ನೋಡಿಕೊಂಡು ಇವನ ಚಿತ್ರ ಬಿಡಿಸಬೇಕಾ?’ ಅಂತ ಇವಳು ಕೇಳಿದರೆ, ಹೌದು ಅಂದ!

1994ರಲ್ಲಿ ಫ್ರಾನ್ಸಿಗೆ ಹೋದಳು. ಸ್ಟ್ರಾಸ್‌ಬರ್ಗ್‌ನಲ್ಲಿ ಓದು, ಆಮೇಲೆ ಪ್ಯಾರಿಸ್. ಅಲ್ಲಿ ದಾವೀದ್ ಬಿ. ಮುಂತಾದ ಕಾಮಿಕ್ಸ್ ಕಲಾವಿದರ ಒಡನಾಟ ಸಿಕ್ಕಿತು. ಮನೆಯ ಕಥೆ ಹೇಳುತ್ತಿದ್ದವಳಿಗೆ ಇದನ್ನೇ ಬರಿ, ಬಿಡಿಸು ಅಂದವರು ಅವರೇ. 2000ದಿಂದ 2003ರ ನಡುವೆ ‘ಪರ್ಸೆಪೊಲಿಸ್’ ನಾಲ್ಕು ಭಾಗವಾಗಿ ಫ್ರೆಂಚಿನಲ್ಲಿ ಬಂತು. ಬಣ್ಣ ಇಲ್ಲ, ಬರೀ ಕಪ್ಪು ಬಿಳುಪು. ಬೂದು ಛಾಯೆ ಕೂಡ ಇಲ್ಲ. ಪಕ್ಕದ ಮನೆಯ ಗೆಳತಿ ಸತ್ತಳು ಅಂತ ಗೊತ್ತಾಗುವ ಜಾಗ ನೋಡಿ. ಅವಶೇಷದ ನಡುವೆ ಅವಳ ಬಳೆ ಕಾಣುತ್ತದೆ. ಹುಡುಗಿ ಮುಖ ಮುಚ್ಚಿಕೊಳ್ಳುತ್ತಾಳೆ. ಅದರ ಮುಂದಿನ ಚೌಕ ಪೂರ್ತಿ ಕಪ್ಪು. ಒಂದು ಗೆರೆ ಕೂಡ ಇಲ್ಲ.

ಆದರೆ ನಾನು ಆಕೆಯನ್ನು ಜಾಸ್ತಿ ಮೆಚ್ಚುವುದು ಬೇರೆ ಕಾರಣಕ್ಕೆ. ಆಕೆ ತನ್ನ ತಪ್ಪನ್ನೂ ಬಿಡಿಸಿದ್ದಾಳೆ. ಒಮ್ಮೆ ಲಿಪ್‌ಸ್ಟಿಕ್ ಹಚ್ಚಿಕೊಂಡು ನಿಂತಿದ್ದಾಗ ಹೆಂಗಸರ ಉಡುಗೆ ತೊಡುಗೆ ತಪಾಸಣೆ ಮಾಡುವ ಗಸ್ತಿನ ಗಾಡಿ ಬಂತು. ತಾನು ಪಾರಾಗಲು ಅಲ್ಲೇ ಸುಮ್ನೆ ಕೂತಿದ್ದ ಒಬ್ಬನನ್ನು ತೋರಿಸಿ, ಇವನು ನನಗೆ ಕೆಟ್ಟ ಮಾತಾಡಿದ ಅಂದಳು. ಅವನನ್ನು ಎಳೆದುಕೊಂಡು ಹೋದರು. ಮನೆಗೆ ಬಂದು ಅಜ್ಜಿಗೆ ನಗುತ್ತಾ ಹೇಳಿದರೆ ಅಜ್ಜಿ ಸಿಡಿದೆದ್ದಳು. ನಿನ್ನ ಅಜ್ಜ ಜೈಲಿಗೆ ಹೋದದ್ದು, ಅನೂಷ್ ಜೀವ ಕೊಟ್ಟದ್ದು ಇದಕ್ಕಾ ಅಂತ ಬೈದಳು. ದೊಡ್ಡ ಹೆಸರು ಮಾಡಿದ ಮೇಲೆ ಇಂಥದ್ದನ್ನು ಯಾರಾದರೂ ಮುಚ್ಚಿಡಬಹುದಿತ್ತು. ಈಕೆ ಮುಚ್ಚಿಡಲಿಲ್ಲ. ಸರಕಾರದ ಕ್ರೌರ್ಯವನ್ನು ಹೇಳುವ ಕೈಯೇ ತನ್ನ ಹೇಡಿತನವನ್ನೂ ಹೇಳಿದ್ದರಿಂದ ಆ ಪುಸ್ತಕದ ಉಳಿದ ಮಾತನ್ನೆಲ್ಲ ನಾನು ನಂಬುತ್ತೇನೆ.

ಆಕೆಯ ಇನ್ನೊಂದು ಪುಸ್ತಕ ‘ಎಂಬ್ರಾಯ್ಡರೀಸ್’ ಇನ್ನೂ ಮಜಾ. ಊಟ ಆಯಿತು, ಗಂಡಸರು ಮಲಗಿದರು, ಹೆಂಗಸರು ಸಮೋವರ್ ಎಂಬ ಚಹಾ ಪಾತ್ರೆಯ ಸುತ್ತ ಚಹಾ ಹಿಡಿದು ಕೂತರು. ಮದುವೆ, ಮೋಸ, ಪ್ರೀತಿ, ಹಾಸಿಗೆ, ಎಲ್ಲ ಮಾತೂ ಬರುತ್ತದೆ. ಚಿತ್ರಕ್ಕೆ ಚೌಕದ ಗೆರೆಗಳೇ ಇಲ್ಲ, ಮಾತು ಹರಿದ ಹಾಗೆ ಚಿತ್ರವೂ ಹರಿಯುತ್ತದೆ. ‘ಚಿಕನ್ ವಿತ್ ಪ್ಲಮ್ಸ್’ ತಾರ್ ಎಂಬ ತಂತಿವಾದ್ಯ ನುಡಿಸುವ ನೆಂಟರೊಬ್ಬರ ಕಥೆ. ಹೆಂಡತಿ ಸಿಟ್ಟಿನಲ್ಲಿ ವಾದ್ಯ ಮುರಿದುಹಾಕುತ್ತಾಳೆ, ಆತ ಸಾಯಲು ನಿಶ್ಚಯಿಸಿ ಮಲಗಿಬಿಡುತ್ತಾನೆ. 2005ರಲ್ಲಿ ಅಂಗೂಲೆಮ್ ಕಾಮಿಕ್ಸ್ ಉತ್ಸವದಲ್ಲಿ ಇದಕ್ಕೆ ಬಹುಮಾನ ಬಂತು. ‘ಪರ್ಸೆಪೊಲಿಸ್’ ಅನ್ನು ವಿನ್ಸೆಂಟ್ ಪಾರೊನೊ ಜೊತೆ ಸೇರಿ ಸಿನಿಮಾ ಮಾಡಿದಳು. 2007ರಲ್ಲಿ ಕಾನ್ ಸಿನಿಮೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ, ಆಮೇಲೆ ಆಸ್ಕರ್‌ಗೆ ನಾಮನಿರ್ದೇಶನ. ಕಾನ್‌ಗೆ ಅದನ್ನು ಆರಿಸಿದ್ದಕ್ಕೆ ಇರಾನಿನ ಸರಕಾರಿ ಸಿನಿಮಾ ಸಂಸ್ಥೆ ಪ್ರತಿಭಟಿಸಿತ್ತು.

ನಮ್ಮ ಕರಾವಳಿಯಲ್ಲಿ ಪರದೇಶಕ್ಕೆ ಹೋಗದ ಮನೆ ಕಡಿಮೆ. ರಜೆಗೆ ಬಂದವರನ್ನು ನಾವು ಕೇಳುವುದೂ ಎರಡೇ ಪ್ರಶ್ನೆ. ಯಾವಾಗ ಬಂದದ್ದು? ಇನ್ನೆಷ್ಟು ದಿನ ಉಂಟು? ಸತ್ರಪಿಗೆ ಈ ಪ್ರಶ್ನೆ ಕೇಳುವ ಹಾಗಿಲ್ಲ. ಆಕೆಗೆ ಊರಿಗೆ ಹೋಗಲು ಆಗುವುದಿಲ್ಲ. ಅಜ್ಜಿ 1996ರ ಜನವರಿಯಲ್ಲಿ ತೀರಿಕೊಂಡಳು, ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಹೋಗಲಾಗದ ಮನೆಯನ್ನು ಆಕೆ ಕಾಗದದ ಮೇಲೆ ಕಟ್ಟಿದಳು. ಹೋಗಿ ಬರಲು ಸಾಧ್ಯ ಇರುವ ನಮ್ಮವರು ಯಾಕೆ ಬಿಡಿಸುವುದಿಲ್ಲ ಅಂತ ನನಗೆ ನಿಜವಾಗಿ ಬೇಜಾರಾಗುತ್ತದೆ. ದುಬೈನ ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವುದು, ವರ್ಷಗಟ್ಟಲೆ ಮಗುವಿನ ಮುಖ ನೋಡದೆ ಇರುವುದು, ಊರಿಗೆ ಬಂದಾಗ ಅತ್ತರು ಚಾಕಲೇಟು ಹಂಚಿ ಕಷ್ಟವನ್ನು ಮಾತ್ರ ಹೇಳದೆ ಹೋಗುವುದು. ಇದೆಲ್ಲ ಯಾರಾದರೂ ಬಿಡಿಸಬೇಕು ಮಾರಾಯ್ರೆ. ದೊಡ್ಡ ಕಲಾವಿದರೇ ಆಗಬೇಕಿಲ್ಲ. ಸತ್ರಪಿಯ ಗೆರೆ ತೀರಾ ಸರಳ.

ಕಾಮಿಕ್ಸ್ ಬಿಟ್ಟು ಸಿನಿಮಾ, ಪೇಂಟಿಂಗ್ ಕಡೆ ಹೊರಳಿದ್ದ ಆಕೆಯನ್ನು ಮತ್ತೆ ಕಾಮಿಕ್ಸ್‌ಗೆ ಎಳೆದದ್ದು 2022ರ ಸೆಪ್ಟೆಂಬರ್. ತಲೆವಸ್ತ್ರದ ನೆಪದಲ್ಲಿ ಹಿಡಿದೊಯ್ದ ಮಹ್ಸಾ ಅಮಿನಿ ಎಂಬ 22ರ ಯುವತಿ ತೀರಿಕೊಂಡಳು, ಇರಾನ್ ಬೀದಿಗಿಳಿಯಿತು. ಮರುವರ್ಷ ಹಲವು ಕಲಾವಿದರನ್ನು ಸೇರಿಸಿ ಆ ಹೋರಾಟದ ಮೇಲೆ ಚಿತ್ರಪುಸ್ತಕ ತಂದಳು. 2024ರಲ್ಲಿ ಸ್ಪೇನ್‌ನ ಪ್ರಿನ್ಸೆಸ್ ಆಫ್ ಆಸ್ಟೂರಿಯಸ್ ಪ್ರಶಸ್ತಿ ಬಂತು, ಅದನ್ನು ಪಡೆದಳು. 2025ರ ಜನವರಿಯಲ್ಲಿ ಮಾತ್ರ ಫ್ರಾನ್ಸ್ ಕೊಟ್ಟ ಅಲ್ಲಿನ ದೊಡ್ಡ ಗೌರವ ಲೀಜನ್ ಆಫ್ ಆನರ್ ಬೇಡ ಅಂದಳು. ಇರಾನಿನ ಅಧಿಕಾರಸ್ಥರ ಮಕ್ಕಳು ಪ್ಯಾರಿಸಿನಲ್ಲಿ ಆರಾಮಾಗಿ ಓಡಾಡುತ್ತಾರೆ, ಅವರ ವಿರುದ್ಧ ನಿಂತ ಯುವಕರಿಗೆ ಒಂದು ಟೂರಿಸ್ಟ್ ವೀಸಾ ಸಿಗುವುದೂ ಕಷ್ಟ ಅನ್ನುವುದು ಆಕೆಯ ತಕರಾರು. ವೀಸಾ ಅಂದ್ರೆ ಏನು ಅಂತ ಬಲ್ಲ ಊರಿನವರು ನಾವು. ಆ ಸಿಟ್ಟು ನಮಗೆ ಬೇಗ ಅರ್ಥವಾಗುತ್ತದೆ.

ಓದುವವರು ‘ಪರ್ಸೆಪೊಲಿಸ್’ನಿಂದ ಶುರುಮಾಡಿ, ಸಿನಿಮಾ ಆಮೇಲೆ ನೋಡಿ. ನನ್ನ ಹತ್ತಿರ ಇಂಗ್ಲಿಷಿನದ್ದು ಉಂಟು. ಉಡುಪಿ, ಮಣಿಪಾಲದ ಕಡೆಯವರು ಯಾರಿಗಾದರೂ ಬೇಕಿದ್ದರೆ ಕೇಳಿ, ಖಂಡಿತ ಕೊಡುತ್ತೇನೆ. ಮನೆಯಲ್ಲಿ ಚಿತ್ರ ಬಿಡಿಸುವ ಮಕ್ಕಳಿದ್ದರೆ ಮೊದಲು ಅವರ ಕೈಗೆ ಕೊಡಿ.