ಐಸಿಗೆ ಜ್ವರ

ಇವತ್ತು ಮಿಲ್ಲಿನ ಟೆಂಪರೇಚರ್ ಮೀಟರ್ ಚೆಕ್ ಮಾಡೋಕೆ ಗಂಗಾವತಿ ಪೇಟೆಯಿಂದ ಐಸ್ ತರಿಸಿದೆ. ಪುಡಿ ಮಾಡಿ ಥರ್ಮಾಸಿಗೆ ಹಾಕಿ, ಸ್ವಲ್ಪ ನೀರು ಬೆರೆಸಿ, ಮೀಟರಿಗೆ ಬಿಸಿ ತಿಳಿಸೋ ಥರ್ಮೋಕಪಲ್ ವೈರಿನ ತುದಿಯನ್ನ ನಡುವೆ ಇಳಿಬಿಟ್ಟೆ. ಚೀಲ ಹೊರುತ್ತಿದ್ದ ಹಮಾಲಣ್ಣ ನಿಂತು ನೋಡಿದ. "ಏನ್ರೀ ಸಾರ್, ಐಸಿಗೆ ಜ್ವರ ಬಂದೈತೇನು?"

ಸೊನ್ನೆ ತೋರಿಸಬೇಕು. 0.6 ತೋರಿಸಿತು. ಬಾಯ್ಲರ್ ಪೈಪ್ ನೋಡೋ ಮೀಟರಿಗೆ ಇಷ್ಟು ಸಾಕು.

ಕುದಿಯೋ ನೀರಲ್ಲಿ ಚೆಕ್ ಮಾಡೋರು ಒಂದು ನೆನಪಿಡಿ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಎತ್ತರ. ಇಲ್ಲಿ ನೀರು 100ಕ್ಕೆ ಒಂದು ಡಿಗ್ರಿ ಚಿಲ್ಲರೆ ಕಮ್ಮಿ ಇರುವಾಗಲೇ ಕುದಿಯುತ್ತೆ. ಸುಮ್ನೆ ಮೀಟರನ್ನ ಬೈಬೇಡಿ.

ನನಗೆ ಬೆರಗು ಆ ತುದಿ. ಎರಡು ಬೇರೆ ಲೋಹದ ತಂತಿ ಬೆಸೆದ ಒಂದು ಚುಕ್ಕಿ, ಅಷ್ಟೇ. ನಮ್ಮದು ಕೆ ಟೈಪ್ ಅನ್ನೋ ಬಗೆ, ಅದರಲ್ಲಿ ಒಂದು ಡಿಗ್ರಿಗೆ ಹುಟ್ಟೋದು ಸುಮಾರು 41 ಮೈಕ್ರೋವೋಲ್ಟ್. ಅದೂ ತುದಿಗೂ ಮೀಟರಿಗೂ ಇರೋ ಬಿಸಿಯ ವ್ಯತ್ಯಾಸಕ್ಕೆ ಮಾತ್ರ. ತಾನೆಷ್ಟು ಬಿಸಿ ಇದ್ದೀನಿ ಅಂತ ಮೀಟರ್ ಮೊದಲು ತಿಳ್ಕೊಂಡು, ಅದನ್ನ ಸೇರಿಸಿ ಲೆಕ್ಕ ಒಪ್ಪಿಸುತ್ತೆ. ಅದಕ್ಕೇ ಬಾಯ್ಲರ್ ಪಕ್ಕದಿಂದ ಎಸಿ ರೂಮಿಗೆ ತಂದ ತಕ್ಷಣ ಕೇಳಿದರೆ ಏನೇನೋ ಹೇಳುತ್ತೆ. ಸ್ವಲ್ಪ ಹೊತ್ತು ಬಿಡಬೇಕು. ಏಪ್ರಿಲ್ ಬಿಸಿಲಲ್ಲಿ ಬಂದವರಿಗೂ ನಾವು ಮೊದಲು ನೀರು ಕೊಟ್ಟು, ಆಮೇಲೆ ತಾನೇ ವಿಷಯ ಕೇಳೋದು?

ಯಜಮಾನ್ರು ಹೊಸ ಮೀಟರ್ ತರಿಸೋಣ ಅಂದ್ರು. ಬೇಡ ಅಂದೆ. ಪ್ಲಗ್ಗಿನ ಹತ್ತಿರ ವೈರ್ ಸವೆದಿದೆ, ಅದೊಂದು ಬದಲಿಸಿದ್ರೆ ಆಯ್ತು. ಕೆ ಟೈಪಿನ ಗುರುತಾದ ಹಳದಿ ಪ್ಲಗ್ ಇರೋದನ್ನೇ ಕೇಳು ಅಂತ ಹೇಳಿ ಹುಡುಗನ್ನ ಅಂಗಡಿಗೆ ಕಳಿಸಿದ್ದೀನಿ.