ಹತ್ತು ಶೇರಿನವರ ವೋಟು

ಡೊಂಬಿವಲಿ ಲೋಕಲ್‌ನಲ್ಲಿ ನಮ್ಮವರ ಗೊಣಗಾಟ ಒಂದೇ: ಅಪ್‌ಡೇಟ್ ಆಯ್ತು, ಬಟನ್ ಎಲ್ಲಿ ಹೋಯ್ತೋ! ಕಂಪನಿಯ ಹತ್ತು ಶೇರು ಇಟ್ಟುಕೊಂಡು ವೋಟು ಹಾಕಿದ್ರೆ ಅದು ವಾಪಸ್ ಬರುತ್ತಾ? 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಮೆನುವನ್ನೇ ಎತ್ತಿಬಿಟ್ಟಿತ್ತು. ಬೈಸಿಕೊಂಡು 2015ರ ವಿಂಡೋಸ್ 10ರಲ್ಲಿ ವಾಪಸ್ ಬಂತು. ನನ್ನ ಲೆಕ್ಕದಲ್ಲಿ ಅದು ಬಳಸುವವರ ಗಲಾಟೆಯ ಫಲ, ಶೇರುದಾರರದಲ್ಲ.

ಹಾಗಂತ ಇಲ್ಲಿನ ಕಂಪನಿಗಳ ಇ-ವೋಟಿಂಗ್ (ಶೇರುದಾರರು ಆನ್‌ಲೈನಲ್ಲಿ ವೋಟು ಹಾಕೋದು) ಬಿಡಬೇಡಿ. ಶೇರುದಾರರ ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತೆ, ಒತ್ತಿದ ವೋಟು ಬದಲಾಗಲ್ಲ. ಕಟ್-ಆಫ್ ದಿನವೇ (ಯಾರಿಗೆ ವೋಟು ಅಂತ ಲೆಕ್ಕ ಹಿಡಿಯುವ ದಿನ) ಶೇರು ಕೊಂಡರೆ ಡಿಮ್ಯಾಟ್ ಅನ್ನೋ ಶೇರು ಖಾತೆಗೆ ಜಮೆ ಆಗೋದು ಮುಂದಿನ ವಹಿವಾಟಿನ ದಿನ, ವೋಟು ಹೋಯ್ತು.

ಕಂಪನಿ ಕಾಯ್ದೆಯ ಸೆಕ್ಷನ್ 151 ಗೊತ್ತಾ? ಲಿಸ್ಟೆಡ್ (ಶೇರುಪೇಟೆಯಲ್ಲಿರುವ) ಕಂಪನಿಯಲ್ಲಿ ಮುಖಬೆಲೆ 20,000 ರೂ. ಮೀರದಷ್ಟು ಶೇರಿರುವ 1,000 ಮಂದಿ, ಇಲ್ಲವೇ ಅಂಥವರಲ್ಲಿ ಹತ್ತನೇ ಒಂದು ಪಾಲು, ಯಾವುದು ಕಡಿಮೆಯೋ ಅಷ್ಟು ಜನ ಸಹಿ ಹಾಕಿ ಸಭೆಗೆ 14 ದಿನ ಮೊದಲೇ ತಮ್ಮ ನಿರ್ದೇಶಕರ ಹೆಸರು ಕೊಡಬಹುದು. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಸಾವಿರ ಜನ ಸಿಗ್ತಾರೆ. ಒಂದೇ ಕಂಪನಿಯ ಶೇರಿನವರು ಸಿಗಬೇಕಲ್ಲ!