ಹತ್ತೊಂಬತ್ತನೇ ಗೇಟಿನ ವಾರದಲ್ಲಿ ಸಂಡೇ ಸ್ಕೂಲ್

ಗಂಗಾವತಿ
ಭಾನುವಾರ, 18 ಆಗಸ್ಟ್ 2024

ಈ ವಾರ ಪೂರ್ತಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, ಹತ್ತೊಂಬತ್ತನೇ ಗೇಟು. ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ 19ನೇದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಂ ಆಗ ತುಂಬಿತ್ತು, 105 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಒತ್ತಡ ಕಡಿಮೆ ಮಾಡಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಹರಿಯುವ ನೀರಿನಲ್ಲೇ ಗೇಟಿನ ಜಾಗ ಮುಚ್ಚುವ ಉಕ್ಕಿನ ತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ ನಿನ್ನೆ ಕೆಲಸ ಮುಗಿಸಿದರು. ಅಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ನದಿ ಪಾಲಾಗಿತ್ತು.

ಕಾಲುವೆ ಬದಿ ಬೆಳೆದವರಿಗೆ ಇದು ಎಂಥ ಸುದ್ದಿ ಅಂತ ಬಿಡಿಸಿ ಹೇಳಬೇಕಿಲ್ಲ. ಎಡದಂಡೆ ಕಾಲುವೆ ಇಲ್ಲದಿದ್ದರೆ ಗಂಗಾವತಿ, ಕಾರಟಗಿ, ಸಿಂಧನೂರು ಇವತ್ತಿನ ಭತ್ತದ ಊರುಗಳಾಗುತ್ತಿರಲಿಲ್ಲ. ರೈಸ್ ಮಿಲ್ಲಿನವರು, ಗೊಬ್ಬರದಂಗಡಿಯವರು, ಹಮಾಲರು, ನಾಟಿ ಹಚ್ಚುವ ಹೆಣ್ಣುಮಕ್ಕಳು, ಎಲ್ಲರ ಊಟವೂ ಆ ನೀರಿನ ಮೇಲೇ ನಿಂತಿದೆ. ನಮ್ಮ ಚರ್ಚಿನ ಸಂಡೇ ಸ್ಕೂಲಿಗೆ, ಬೈಬಲ್ ಪಾಠಕ್ಕೆ ಬರುವ ಮಕ್ಕಳು ಇದೇ ಮನೆಗಳವರು. ಕೆಲವರದ್ದು ಕ್ಯಾಂಪಿನಲ್ಲಿ (ಕಾಲುವೆ ಬಂದ ಮೇಲೆ ರೈತರು ಬಂದು ನೆಲೆಸಿದ ಊರು) ಸ್ವಂತ ಗದ್ದೆ ಇದೆ. ಜಾಸ್ತಿ ಜನ ಕೂಲಿ ಮಾಡುವವರು.

ಜೂನ್‌ನಲ್ಲೇ ಹಾಕಿಕೊಂಡ ಪಾಠದ ಪಟ್ಟಿಯಲ್ಲಿ ಇವತ್ತಿಗೆ ಬಂದಿದ್ದು ಬೈಬಲಿನ ಲೂಕನ ಸುವಾರ್ತೆಯ 12ನೇ ಅಧ್ಯಾಯ. ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಐಶ್ವರ್ಯವಂತನ ಕಥೆ, ಅದರ ಹಿಂದೆಯೇ ಚಿಂತೆ ಮಾಡಬೇಡಿ ಅನ್ನುವ ಮಾತು. ಬೇರೆ ಪಾಠ ತೆಗೆದುಕೊಳ್ಳೋಣವಾ ಅಂತ ಜೊತೆಯ ಟೀಚರ್ ಕೇಳಿದರು. ಬೇಡ ಅಂದೆ. ಮನೆಯಲ್ಲಿ ದೊಡ್ಡವರು ಈ ಚಿಂತೆಯಲ್ಲೇ ಇರುವಾಗ ಮಕ್ಕಳಿಗೆ ಈ ಅಧ್ಯಾಯ ಈಗಲೇ ಬೇಕು.

ಪಾಠ ಶುರು ಮಾಡುವ ಮೊದಲೇ ಆರನೇ ಕ್ಲಾಸಿನ ಹುಡುಗ ಕೇಳಿಬಿಟ್ಟ. "ಟೀಚರ್, ಡ್ಯಾಂ ನೀರು ಖಾಲಿ ಆದ್ರ ನಮ್ ಭತ್ತ ಒಣಗ್ತೈತಿ ಅಲ್ರಿ?"

ಗೊತ್ತಿದ್ದದ್ದನ್ನು ಹೇಳಿದೆ. ಗೇಟಿನ ಜಾಗ ಮುಚ್ಚಿದ್ದಾರೆ. ಸುಮಾರು 70 ಟಿಎಂಸಿ ಉಳಿದಿದೆ. ಮಲೆನಾಡಿನಲ್ಲಿ ಇನ್ನೂ ಮಳೆಗಾಲ ಇದೆ. ಈಗಿನ ಬೆಳೆಗೆ ನೀರು ಸಿಗುವ ನಂಬಿಕೆ ದೊಡ್ಡವರಿಗಿದೆ. ಬೇಸಿಗೆ ಬೆಳೆಯ ಬಗ್ಗೆ ಈಗಲೇ ಯಾರೂ ಹೇಳಲಾರರು.

"ಪ್ರಾರ್ಥನೆ ಮಾಡಿದ್ರ ಡ್ಯಾಂ ಮತ್ತ ತುಂಬತೈತಿ ಅಂತ ನಮ್ಮವ್ವ ಹೇಳ್ಯಾಳ್ರಿ," ಅಂತ ಪಕ್ಕದ ಹುಡುಗಿ ಹೇಳಿದಳು.

ಎಲ್ಲರೂ ಸೇರಿ ಪ್ರಾರ್ಥನೆ ಮಾಡಿದೆವು. ಡ್ಯಾಂ ತುಂಬಲಿ ಅಂತ ನೇರವಾಗಿಯೇ ಕೇಳಿದೆವು. ಅಪ್ಪನ ಹತ್ತಿರ ಕೇಳಲು ಮಕ್ಕಳಿಗೆ ಸಂಕೋಚ ಯಾಕೆ? ಆಮೇಲೆ ಇನ್ನೊಂದು ಮಾತೂ ಹೇಳಿದೆ. ಡ್ಯಾಂ ತುಂಬದೇ ಹೋದರೆ, ನನ್ನ ಪ್ರಾರ್ಥನೆಯಲ್ಲಿ ಕಡಿಮೆ ಆಯ್ತು ಅಂತ ನೀವ್ಯಾರೂ ಅಂದುಕೊಳ್ಳಬಾರದು. ದೇವರು ನಮ್ಮನ್ನು ಬಿಟ್ಟುಹೋದ ಅಂತಲೂ ಅಂದುಕೊಳ್ಳಬಾರದು. ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆಯ ಭಾಗ ತೆಗೆಸಿ ಓದಿಸಿದೆ. ಅಂಜೂರ ಚಿಗುರದಿದ್ದರೂ, ಹೊಲದಲ್ಲಿ ಬೆಳೆ ಬಾರದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ ಆತ. ಹೊಲ, ದನ ಅಂದರೆ ನಮ್ಮ ಮಕ್ಕಳಿಗೆ ಅರ್ಥ ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ.

ಲೂಕ 12ರ ಕಥೆ ಶುರುವಾಗುವುದು ಪಾಲಿನ ಜಗಳದಿಂದ. ಜನರ ಗುಂಪಿನಿಂದ ಒಬ್ಬ ಬಂದು, ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಕೊಡು ಅಂತ ನನ್ನ ಅಣ್ಣನಿಗೆ ಹೇಳು ಅಂತ ಯೇಸುವನ್ನು ಕೇಳುತ್ತಾನೆ. ಸಾಮಾನ್ಯವಾಗಿ ನಾವು ಇದನ್ನು ಬಿಟ್ಟು ನೇರ ಕಣಜಕ್ಕೆ ಹೋಗಿಬಿಡುತ್ತೇವೆ. ನಮ್ಮ ಊರಲ್ಲಿ ಬಿಡಬಾರದು. ಪಾಲು, ಪಹಣಿ, ಬದು ಒತ್ತಿದ ಜಗಳ, ಇವೆಲ್ಲ ಮಕ್ಕಳಿಗೆ ಚೆನ್ನಾಗಿ ಗೊತ್ತು. ಒಬ್ಬ ಹುಡುಗ ಮೆಲ್ಲಗೆ ಹೇಳಿದ, "ನಮ್ ದೊಡ್ಡಪ್ಪನ ಜೋಡಿ ನಾವು ಮಾತಾಡಂಗಿಲ್ರಿ." ಅವನ ಮಾತನ್ನು ಮುಂದಕ್ಕೆ ಎಳೆಯಲಿಲ್ಲ. ಯೇಸು ಆ ಮನುಷ್ಯನಿಗೆ ಜಮೀನು ಅಳೆದು ಕೊಡಲಿಲ್ಲ, ದುರಾಸೆಯ ಬಗ್ಗೆ ಎಚ್ಚರ ಇರಲಿ ಅಂದ, ಎಷ್ಟೇ ಆಸ್ತಿ ಇದ್ದರೂ ಜೀವ ಅದರಿಂದ ಬರುವುದಿಲ್ಲ ಅಂದ, ಅಷ್ಟು ಹೇಳಿದೆ. ಆ ಹುಡುಗ ಇಡೀ ಕ್ಲಾಸಿನಲ್ಲಿ ಅಷ್ಟು ಗಮನ ಕೊಟ್ಟು ಕೇಳಿದ್ದು ಅದೊಂದನ್ನೇ.

ಕಣಜದ ಕಥೆಗೆ ಬಂದಾಗ ಒಂದು ಪ್ರಶ್ನೆ ಕೇಳಿದೆ. ಈ ಕಥೆಯಲ್ಲಿ ಎಷ್ಟು ಜನ ಇದ್ದಾರೆ? ಮಕ್ಕಳು ಮತ್ತೆ ಮತ್ತೆ ಓದಿದರು. ಐಶ್ವರ್ಯವಂತ ಒಬ್ಬನೇ. ದೇವರು ಬಂದು ಮಾತಾಡುವ ತನಕ ಬೇರೆ ಯಾರೂ ಇಲ್ಲ. ಹೆಂಡತಿ ಇಲ್ಲ, ಮಕ್ಕಳಿಲ್ಲ, ನೆರೆಯವರಿಲ್ಲ. ಅಷ್ಟು ಬೆಳೆ ಅವನೊಬ್ಬನೇ ಕೊಯ್ದನಾ? "ಆಳುಗಳು ಎಲ್ಲಿ ಹೋದ್ರು?" ಅಂತ ಕೂಲಿ ಮನೆಯ ಹುಡುಗಿಯೇ ಕೇಳಿದಳು. ಹೌದಲ್ಲ, ಎಲ್ಲಿ ಹೋದರು? ಅವನ ಲೆಕ್ಕದಲ್ಲಿ ಅವರು ಇರಲೇ ಇಲ್ಲ. ಭೂಮಿ ಚೆನ್ನಾಗಿ ಬೆಳೆಯಿತು ಅಂತ ಕಥೆ ಹೇಳುತ್ತದೆ. ಮಣ್ಣು, ಮಳೆ, ಬಿಸಿಲು ಯಾವುದೂ ಅವನದ್ದಲ್ಲ. ಅವನು ಮಾತ್ರ ಎಲ್ಲ ತನ್ನದು ಅಂತ ತನ್ನೊಳಗೇ ಮಾತಾಡಿಕೊಂಡ. ಆ ರಾತ್ರಿಯೇ ಅವನ ಪ್ರಾಣ ಹೋಗುವುದಿತ್ತು.

ಆಗ ಗದ್ದೆ ಇರುವ ಮನೆಯ ಹುಡುಗ ಎದ್ದು ನಿಂತ. "ಹಂಗಾದ್ರ ಡ್ಯಾಂ ಕಟ್ಟಿ ನೀರು ಕೂಡಿಟ್ಟಿದ್ದು ತಪ್ಪೇನ್ರಿ?"

ತುಂಬಾ ಒಳ್ಳೇ ಪ್ರಶ್ನೆ. ದೊಡ್ಡವರ ಬೈಬಲ್ ಸ್ಟಡಿಯಲ್ಲಿ ಇಂಥ ಪ್ರಶ್ನೆ ಬಂದರೆ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಉತ್ತರಕ್ಕೆ ಯೋಸೇಫನ ಹತ್ತಿರ ಹೋದೆವು, ಆದಿಕಾಂಡ 41ಕ್ಕೆ. ಏಳು ವರ್ಷ ಸುಭಿಕ್ಷ, ಆಮೇಲೆ ಏಳು ವರ್ಷ ಬರ. ಸುಭಿಕ್ಷದ ವರ್ಷಗಳಲ್ಲಿ ಬೆಳೆಯ ಐದರಲ್ಲಿ ಒಂದು ಪಾಲು ಎತ್ತಿಡಬೇಕು ಅಂತ ಅವನು ಈಜಿಪ್ಟಿನ ರಾಜ ಫರೋಹನಿಗೆ ಹೇಳುತ್ತಾನೆ. ಅದು ಕೂಡಿಡುವುದೇ. ಬರ ಬಂದಾಗ ಅವನು ಉಗ್ರಾಣ ತೆರೆದ. ಸುತ್ತಲಿನ ದೇಶದವರೂ ಬಂದು ಧಾನ್ಯ ಕೊಂಡುಕೊಂಡರು, ಬಾವಿಗೆ ಎಸೆದಿದ್ದ ಸ್ವಂತ ಅಣ್ಣಂದಿರು ಕೂಡ. ಡ್ಯಾಂ ಕಟ್ಟಿದವರೂ ಹಾಗೇ, ನೂರಾರು ಊರಿಗೆ ಅಂತ ಕಟ್ಟಿದರು. 1953ರಿಂದ ನಮ್ಮ ಗದ್ದೆಗಳು ಅದರಿಂದ ಉಂಡಿವೆ. ಕೂಡಿಡುವುದಕ್ಕೆ ದೇವರು ಬೇಡ ಅಂದಿಲ್ಲ. ಯಾರಿಗಾಗಿ ಕೂಡಿಡುತ್ತೀಯ, ಬೇಕಾದವರು ಬಂದಾಗ ಬಾಗಿಲು ತೆಗೀತೀಯಾ, ಅದನ್ನು ಕೇಳುತ್ತಾನೆ.

ಮತ್ತೆ ಈ ವಾರ ಡ್ಯಾಂ ಮೇಲೆ ಹಗಲು ರಾತ್ರಿ ನಿಂತವರನ್ನೂ ನೆನಪಿಸಿದೆ. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು, ಇಳಿವಯಸ್ಸಿನಲ್ಲೂ ಬಂದು ನಿಂತರು. ಕ್ರೇನಿನವರು, ವೆಲ್ಡಿಂಗಿನವರು, ಹೆಸರು ಗೊತ್ತಿಲ್ಲದ ಕೆಲಸಗಾರರು. ದೇವರನ್ನು ನಂಬುವುದು ಅಂದರೆ ಕೈ ಕಟ್ಟಿ ಕೂರುವುದು ಅಂತ ಯಾವ ಮಗುವೂ ನಮ್ಮ ಕ್ಲಾಸಿನಿಂದ ಕಲಿತು ಹೋಗಬಾರದು. ಅವರಿಗಾಗಿಯೂ ಸ್ತೋತ್ರ ಹೇಳಿದೆವು.

ಹಕ್ಕಿಗಳ ವಚನ ಬಂದಾಗ ಕ್ಲಾಸು ಗದ್ದಲವಾಯಿತು. ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ದೇವರು ಅವುಗಳನ್ನು ಸಾಕುತ್ತಾನೆ ಅಂತ ಓದಿದ್ದೇ ತಡ, "ಗುಬ್ಬಿ ನಮ್ ಭತ್ತಾನೇ ತಿಂತಾವ್ರೀ! ನಮ್ಮಪ್ಪ ಡಬ್ಬಿ ಬಡದು ಓಡಿಸ್ತಾನ್ರಿ!" ಅಂತ ಒಬ್ಬ ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಹೇಳಿದ್ದು ನಿಜ. ದೇವರು ಗುಬ್ಬಿಗೆ ಕೊಡುವ ಊಟ ಆಕಾಶದಿಂದ ಉದುರುವುದಿಲ್ಲ, ಯಾರದ್ದೋ ಗದ್ದೆಯಿಂದಲೇ ಬರುತ್ತದೆ. ಅಲ್ಲಿಂದ ಯಾಜಕಕಾಂಡ 19ಕ್ಕೆ ಹೋಗುವುದು ಸುಲಭವಾಯಿತು. ಹೊಲದ ಅಂಚಿನ ತನಕ ಬಳಿದು ಕೊಯ್ಯಬೇಡ, ಕೊಯ್ದ ಮೇಲೆ ಬಿದ್ದ ತೆನೆ, ಅಂದರೆ ಹಕ್ಕಲು ಆಯಬೇಡ, ಬಡವನಿಗೂ ಪರದೇಶಿಗೂ ಬಿಡು ಅನ್ನುತ್ತದೆ ಅಲ್ಲಿನ ಆಜ್ಞೆ. ಬೈಬಲಿನ ಬಡ ವಿಧವೆ ರೂತಳು ಬೆತ್ಲೆಹೇಮಿನಲ್ಲಿ ಹೊಟ್ಟೆ ಹೊರೆದದ್ದು ಅಂಥ ಹಕ್ಕಲಿನಿಂದ. ಹಕ್ಕಲು ಆಯುವ ಹೆಂಗಸರನ್ನು ನಮ್ಮ ಮಕ್ಕಳು ಕಣ್ಣಾರೆ ನೋಡಿದ್ದಾರೆ. ಮಷಿನ್ ಕಟಾವು ಬಂದ ಮೇಲೂ ಗದ್ದೆಯಲ್ಲಿ ತೆನೆ ಉಳಿಯುತ್ತದೆ. ಅವರನ್ನು ಬೈದು ಓಡಿಸುವವರೂ ಇದ್ದಾರೆ, ಆಯ್ಕೊಳ್ಳಿ ಬಿಡಿ ಅನ್ನುವವರೂ ಇದ್ದಾರೆ. ನಿಮ್ಮ ಮನೆಯವರು ಯಾವ ಥರ ಅಂತ ನಾನು ಕೇಳಲಿಲ್ಲ. ನೀವು ದೊಡ್ಡವರಾದಾಗ ಗದ್ದೆ ನಿಮ್ಮ ಕೈಗೆ ಬಂದರೆ ಏನು ಮಾಡುತ್ತೀರಿ ಅಂತ ಮಾತ್ರ ಕೇಳಿದೆ.

ಕೊನೆಗೆ ಹಿಡಿ ಅಕ್ಕಿ ಡಬ್ಬ. ನಮ್ಮಲ್ಲಿ ಮಕ್ಕಳು ಭಾನುವಾರ ಮನೆಯಿಂದ ಒಂದು ಹಿಡಿ ಅಕ್ಕಿ ತಂದು ಡಬ್ಬಕ್ಕೆ ಹಾಕುತ್ತಾರೆ. ತಿಂಗಳ ಕೊನೆಗೆ ಅದು ಒಂಟಿಯಾಗಿರುವ ಒಬ್ಬ ಅಜ್ಜಿಯ ಮನೆಗೆ ಹೋಗುತ್ತದೆ. ಇವತ್ತು ಡಬ್ಬ ಅರ್ಧಕ್ಕೂ ಬರಲಿಲ್ಲ. ಒಬ್ಬ ಹುಡುಗಿ ಖಾಲಿ ಕೈಲಿ ಬಂದು ನನ್ನ ಪಕ್ಕ ನಿಂತಳು. "ಈ ಸಲ ನೀರು ಏನಾಗ್ತೈತೋ ಗೊತ್ತಿಲ್ಲ, ಅಕ್ಕಿ ಇರ್ಲಿ ಅಂತ ನಮ್ಮವ್ವ ಅಂದ್ಳ್ರಿ. ನಾ ಏನ್ ಮಾಡ್ಲಿ ಟೀಚರ್?"

ಅವಳ ತಾಯಿ ನಾಟಿ ಕೆಲಸಕ್ಕೆ ಹೋಗುವವರು. ನೀರು ನಿಂತರೆ ಮೊದಲು ಕೆಲಸ ಹೋಗುವುದು ಅವರದ್ದು. ಆ ತಾಯಿಯ ಭಯ ಸಣ್ಣದಲ್ಲ. ಅವ್ವನ ಮಾತು ಮೀರಿ ಅಕ್ಕಿ ತರಬೇಡ, ಇವತ್ತು ನಿನ್ನ ಪ್ರಾರ್ಥನೆಯೇ ನಿನ್ನ ಹಿಡಿ ಅಂದೆ. ಮಕ್ಕಳ ಕೈಯಿಂದ ಕಾಣಿಕೆ ಹಿಂಡಬಾರದು. ಚಾರೆಪ್ತದ ವಿಧವೆಯ ಕಥೆಯನ್ನು ಇಂಥ ಹೊತ್ತಿನಲ್ಲಿ ಹೇಳಿ, ನೋಡು, ಅವಳು ಕೊನೆಯ ಹಿಟ್ಟನ್ನೂ ಕೊಟ್ಟಳು ಅಂತ ಮಗುವಿನ ಮೇಲೆ ಭಾರ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಪ್ರವಾದಿ ಎಲೀಯ ಬರಗಾಲದಲ್ಲಿ ಆ ವಿಧವೆಯ ಹತ್ತಿರ ಬೇಡುವಾಗ ತಾನೂ ಹಸಿದಿದ್ದ. ಆಮೇಲೆ ಅವನೂ ಅವಳ ಮನೆಯವರೂ ಅದೇ ಹಿಟ್ಟಿನಿಂದ ಬಹಳ ದಿನ ಉಂಡರು. ಇಲ್ಲಿ ಕೇಳುವ ನಾನು ತಿಂಗಳ ಸಂಬಳದವಳು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಮಾತು, ಬಹಳ ದಿನದಿಂದ ಮನಸ್ಸಿನಲ್ಲಿರುವುದು. ನೂರು ಕೊಡು, ದೇವರು ಸಾವಿರ ಕೊಡ್ತಾನೆ ಅನ್ನುವ ಉಪದೇಶ ಈಗ ಮೊಬೈಲಿನಲ್ಲಿ ದಿನಾ ಬರುತ್ತದೆ. ಮಕ್ಕಳೂ ಅದನ್ನೇ ಬಾಯಿಪಾಠ ಮಾಡಿದ್ದಾರೆ. ಅದು ದೇವರನ್ನು ಚೀಟಿ ವ್ಯವಹಾರಕ್ಕೆ ಇಳಿಸಿದ ಹಾಗೆ. ಯೇಸು ಮತ್ತಾಯ 6ರಲ್ಲಿ ಹೇಳಿದ್ದು ಬೇರೆ. ಇವೆಲ್ಲ ನಿಮಗೆ ಬೇಕು ಅಂತ ನಿಮ್ಮ ತಂದೆಗೆ ಗೊತ್ತು ಅಂದ. ಬೇಕು ಅನ್ನುವುದನ್ನೇ ಆತ ಒಪ್ಪಿಕೊಂಡ. ಊಟ, ಬಟ್ಟೆ ಬೇಡ ಅಂತಲೋ, ಬಡತನವೇ ಪುಣ್ಯ ಅಂತಲೋ ಎಲ್ಲೂ ಹೇಳಲಿಲ್ಲ. ಹರಿದ ಚೀಲ ಹಿಡಿದು ಬರುವ ಮಗುವಿಗೆ ತೃಪ್ತಿಯ ಪಾಠ ಮಾಡುವ ಮೊದಲು ಚೀಲ ಕೊಡಿಸಬೇಕು. ತೃಪ್ತಿಯ ಪಾಠ ಜಾಸ್ತಿ ಬೇಕಾಗಿರುವುದು ಮೂರನೇ ಸೈಕಲ್ ಕೇಳುವ ಮಗುವಿಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಕೊಡಿಸುವ ಅಪ್ಪ ಅಮ್ಮನಿಗೆ.

ದೊಡ್ಡ ಮಕ್ಕಳಿಗೆ ಬೋರ್ಡಿನ ಮೇಲೆ ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯ ಲೆಕ್ಕ ಬರೆದೆ. ಆಕ್ಸ್‌ಫರ್ಡಿನಲ್ಲಿ ಇದ್ದಾಗ ಒಂದು ವರ್ಷ ಅವರಿಗೆ 30 ಪೌಂಡ್ ಬಂತು. 28ರಲ್ಲಿ ಜೀವನ ಮಾಡಿದರು, 2 ಕೊಟ್ಟರು. ಮುಂದಿನ ವರ್ಷ 60 ಬಂತು. ಖರ್ಚು ಅದೇ 28, ಕೊಟ್ಟದ್ದು 32. ಆಮೇಲೆ 90 ಬಂತು. ಕೊಟ್ಟದ್ದು ಎಷ್ಟು? ಎಂಟನೇ ಕ್ಲಾಸಿನ ಹುಡುಗ ತಟ್ಟನೆ 62 ಅಂದ. ಕಣಜದ ಮನುಷ್ಯನಿಗೂ ಆದಾಯ ಹೆಚ್ಚಿತ್ತು, ವೆಸ್ಲಿಗೂ ಹೆಚ್ಚಿತ್ತು. ಒಳ್ಳೇ ಬೆಳೆ ಬಂದ ವರ್ಷ ಮನೆಯಲ್ಲಿ ಮೊದಲು ಏನು ಕೊಳ್ಳುತ್ತೀರಿ ಅಂತ ಕೇಳಿದೆ. ಬೈಕು, ಟಿವಿ, ಬಂಗಾರ, ಅಕ್ಕನ ಮದುವೆ, ಬೋರ್‌ವೆಲ್ ಅಂತ ಉತ್ತರ ಬಂದವು. ಒಬ್ಬಳು ಮಾತ್ರ, "ಸಾಲ ತೀರಿಸ್ತೀವ್ರಿ" ಅಂದಳು. ಸಾಲ ತೀರಿಸುವುದೂ ದೇವರಿಗೆ ಮೆಚ್ಚುಗೆಯ ಕೆಲಸವೇ ಅಂತ ಅವಳಿಗೆ ಹೇಳಿದೆ. ಅವಳ ಮನೆಯ ಪರಿಸ್ಥಿತಿ ನನಗೆ ಗೊತ್ತು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು ಮಾತಾಡಬೇಕು, ಪಾಸ್ಟರ್ ಒಪ್ಪಿದ್ದಾರೆ. ಮೂರು ವಿಷಯ ಇವೆ. ಮನೆಯಲ್ಲಿ ನೀರಿನ ಚಿಂತೆ ಇದ್ದರೆ ಮಕ್ಕಳಿಂದ ಮುಚ್ಚಿಡಬೇಡಿ, ಅವರನ್ನು ಕೂರಿಸಿಕೊಂಡೇ ಪ್ರಾರ್ಥನೆ ಮಾಡಿ. ಮಕ್ಕಳ ಕೈಗೆ ಬರುವ ಸಣ್ಣ ದುಡ್ಡಿನಲ್ಲಿ ಕೊಡುವ ಪಾಲು ಎಷ್ಟು ಅಂತ ಅವರೇ ತೀರ್ಮಾನಿಸಲಿ, ಕಾಣಿಕೆ ತಟ್ಟೆ ಬಂದಾಗ ಅಮ್ಮನ ಪರ್ಸಿನಿಂದ ತೆಗೆದುಕೊಡುವುದು ಬೇಡ. ಇನ್ನು ಕೂಲಿ ಕೆಲಸ ನಿಂತ ಮನೆಗಳಿಗೆ ಸಭೆಯಿಂದ ಏನು ಮಾಡಬೇಕು ಅನ್ನುವುದನ್ನು ಈಗಲೇ ಮಾತಾಡಿಕೊಳ್ಳಬೇಕು. ಬೇಸಿಗೆ ಬೆಳೆಗೆ ನೀರು ಇಲ್ಲ ಅಂತ ಆದರೆ ಗದ್ದೆ ಇರುವವರು ತಮ್ಮ ಕೂಲಿಯವರ ಕೈ ಬಿಡದ ಹಾಗೆ ಒಂದು ದಾರಿ ಬೇಕು. ಈ ಮೂರನೇದನ್ನೇ ಮೊದಲು ಎತ್ತುತ್ತೇನೆ. ಕ್ಯಾಂಪಿನ ಇಬ್ಬರು ರೈತರಿಗೆ ಇವತ್ತು ಸಂಜೆಯೇ ಫೋನ್ ಮಾಡಿದೆ. ಒಬ್ಬರು ಬರ್ತೀನಿ ಅಂದರು. ಇನ್ನೊಬ್ಬರು ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ, ನಾಳೆ ಅವರ ಮನೆಗೇ ಹೋಗಿ ಬರುತ್ತೇನೆ.